ಬೆಂಕಿಯ ಬೆಟ್ಟದ ಅಡಿಯಲ್ಲಿ ಒಂದು ತಿಂಗಳು

2025ರ ಜನವರಿ 8ರ ಬೆಳಗ್ಗೆ ನಾವು ಎಂದಿನಂತೆ ಅಂಗಡಿಯ ಬಾಗಿಲು ತೆಗೆದು ಮೆಣಸಿನ ಮೂಟೆಗಳ ಲೆಕ್ಕ ನೋಡುತ್ತಿದ್ದೆವು. ಅಮೆರಿಕದಲ್ಲಿರುವ ಮಗಳ ಫೋನು ಬಂತು. ಅಲ್ಲಿ ಇನ್ನೂ 7ರ ರಾತ್ರಿ. "ಅಪ್ಪಾ, ಬೆಟ್ಟಕ್ಕೆ ಬೆಂಕಿ ಬಿದ್ದಿದೆ. ನಾವು ಮನೆ ಬಿಟ್ಟು ಹೊರಟಿದ್ದೇವೆ. ಅಮ್ಮನಿಗೆ ಈಗಲೇ ಹೇಳಬೇಡಿ" ಎಂದಳು. ಗಾಳಿಯ ಸದ್ದಿನಲ್ಲಿ ಅವಳ ಮಾತು ಅರ್ಧ ಕೇಳಿಸಲಿಲ್ಲ. ಏನು ತೆಗೆದುಕೊಂಡಿರಿ ಎಂದು ಕೇಳಿದೆವು. ಮಕ್ಕಳು, ಪಾಸ್‌ಪೋರ್ಟು, ದೇವರ ಪೆಟ್ಟಿಗೆ ಎಂದಳು. ಅಷ್ಟರಲ್ಲಿ ಫೋನು ಕಡಿಯಿತು. ಮತ್ತೆ ಅವಳ ಧ್ವನಿ ಕೇಳುವ ತನಕದ ಆರು ಗಂಟೆಗಳು ಹೇಗೆ ಕಳೆದವೆಂದು ಬರೆಯಲು ನಮಗೆ ಶಕ್ತಿಯಿಲ್ಲ.

ಮಗಳು, ಅಳಿಯಂದಿರು ಮತ್ತು ಇಬ್ಬರು ಮೊಮ್ಮಕ್ಕಳು ಇರುವುದು ಲಾಸ್ ಏಂಜಲೀಸ್ ನಗರದ ಉತ್ತರಕ್ಕೆ, ಸಾನ್ ಗೇಬ್ರಿಯಲ್ ಬೆಟ್ಟಸಾಲಿನ ಬುಡದಲ್ಲಿರುವ ಆಲ್ಟಡೀನಾ ಎಂಬ ಊರಿನಲ್ಲಿ. ಅಂದು ಬೆಳಗ್ಗೆ ಸಮುದ್ರದ ಕಡೆಯ ಪ್ಯಾಲಿಸೇಡ್ಸ್‌ನಲ್ಲಿ ಒಂದು ಬೆಂಕಿ, ಸಂಜೆ ಇವರ ಕಡೆ ಈಟನ್ ಕಣಿವೆಯಲ್ಲಿ ಇನ್ನೊಂದು ಬೆಂಕಿ ಎದ್ದಿತು. ಎರಡೂ ಪೂರ್ತಿ ಹತೋಟಿಗೆ ಬಂದದ್ದು ಆ ತಿಂಗಳ ಕೊನೆಗೆ. ಅಷ್ಟರಲ್ಲಿ ಎರಡೂ ಸೇರಿ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟು, 30ಕ್ಕೂ ಹೆಚ್ಚು ಜನರ ಪ್ರಾಣ ತೆಗೆದಿದ್ದವು. ನಮ್ಮವರ ಮನೆ ಪುಣ್ಯವಶಾತ್ ಉಳಿಯಿತು. ಅದೇ ಬೀದಿಯ ಮೂರು ಮನೆಗಳು ಉಳಿಯಲಿಲ್ಲ. ಹೊಗೆ, ಬೂದಿ ತುಂಬಿದ ಮನೆಯನ್ನು ಶುಚಿ ಮಾಡಿಸಿ ಅವರು ಮರಳಿದ್ದು ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆರ್ಟೀಷಿಯಾ ಎಂಬಲ್ಲಿ ಸ್ನೇಹಿತರ ಮನೆಯಲ್ಲಿದ್ದರು.

ಆಗಸ್ಟ್ ಕೊನೆಯ ವಾರ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೊರಟೆವು. ಮೊಮ್ಮಕ್ಕಳನ್ನು ನೋಡುವುದು ಹೊರಗಿನ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಮನೆ ಮಾರಿಸಿ ಅವರನ್ನು ಆ ಬೆಟ್ಟದ ಬುಡದಿಂದ ಎಬ್ಬಿಸಬೇಕೆಂದು ನಿಶ್ಚಯಿಸಿಕೊಂಡೇ ಹೋಗಿದ್ದೆವು. ಕೆಲವು ದೊಡ್ಡ ವಿಮಾ ಕಂಪನಿಗಳು 2023ರಲ್ಲೇ ಆ ರಾಜ್ಯದಲ್ಲಿ ಮನೆಗಳಿಗೆ ಹೊಸ ಪಾಲಿಸಿ ಕೊಡುವುದನ್ನು ನಿಲ್ಲಿಸಿದ್ದವು ಎಂದು ಓದಿದ್ದೆವು. ವಿಮೆಯವನು ಬೇಡವೆನ್ನುವ ಸರಕನ್ನು ವ್ಯಾಪಾರಿ ಗೋದಾಮಿನಲ್ಲಿ ಇಟ್ಟುಕೊಂಡು ಕೂರಬಾರದು ಎಂಬುದು ನಮ್ಮ ಲೆಕ್ಕ.

ಬೆಂಗಳೂರಿನಿಂದ ದುಬೈ, ಅಲ್ಲಿಂದ ಹದಿನಾರು ಗಂಟೆಯ ಹಾರಾಟ. ಮರುದಿನ ಬೆಳಗ್ಗೆ ಅಂಗಳಕ್ಕೆ ಬಂದು ನೋಡಿದರೆ ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇಲ್ಲ. ಬೆಟ್ಟಗಳೆಲ್ಲ ಒಣಹುಲ್ಲಿನ ಬಣ್ಣ, ನಡುನಡುವೆ ಸುಟ್ಟ ಕಪ್ಪು. ವಯನಾಡಿನಲ್ಲಿ ಆ ಹೊತ್ತಿಗೆ ಕಾಫಿ ತೋಟದಲ್ಲಿ ಕಾಲಿಟ್ಟರೆ ಜಿಗಣೆ. "ಇಲ್ಲಿ ಮಳೆ ಯಾವಾಗ?" ಎಂದು ಅಳಿಯಂದಿರನ್ನು ಕೇಳಿದೆವು. "ಚಳಿಗಾಲದಲ್ಲಿ ಮಾವ. ನವೆಂಬರಿನಿಂದ ಮಾರ್ಚಿನ ಒಳಗೆ ಬರಬೇಕಾದದ್ದೆಲ್ಲ ಬಂದು ಮುಗಿಯುತ್ತದೆ" ಎಂದರು. ವರ್ಷಕ್ಕೆ ಸರಾಸರಿ 14-15 ಅಂಗುಲ. ನಮ್ಮಲ್ಲಿ ಸುಮಾರು ನೂರು ಅಂಗುಲ.

ಆದರೆ ಮಳೆ ಕಡಿಮೆ ಎಂಬುದಲ್ಲ ಮುಖ್ಯ ವಿಷಯ. ಅದಕ್ಕಿಂತ ಕಡಿಮೆ ಮಳೆಯ ಮರುಭೂಮಿಯಲ್ಲಿ ಕಾಳ್ಗಿಚ್ಚು ಅಷ್ಟಿಲ್ಲ, ಸುಡಲು ಅಲ್ಲಿ ಗಿಡವೇ ಇಲ್ಲ. ನಮ್ಮ ದೇಶದಲ್ಲಿ ಸೆಕೆ ಏರುತ್ತಾ ಹೋಗಿ ತಡೆಯಲಾರದಂತಾದಾಗ ಮಳೆ ಬಂದು ನೆಲ ತಣಿಸುತ್ತದೆ. ನಮ್ಮ ಕಾಡಿಗೆ ಬೆಂಕಿಯ ಭಯ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ನಮ್ಮ ನೆರೆಯ ಬಂಡೀಪುರ ಉರಿದದ್ದೂ 2019ರ ಫೆಬ್ರವರಿಯಲ್ಲಿ. ಅಲ್ಲಿ ಹಾಗಲ್ಲ. ಮಳೆ ಬರುವುದು ಚಳಿಯಲ್ಲಿ. ಬಿಸಿಲು ಏರಿದಾಗ ಒಂದು ಹನಿಯೂ ಇಲ್ಲ. ಮಳೆಯ ಬಲದಲ್ಲಿ ಬೆಳೆದ ಹುಲ್ಲು, ಪೊದೆ ಎಲ್ಲ ಆರು ತಿಂಗಳು ಬಿಸಿಲಿನಲ್ಲಿ ಹರಡಿದ ಸರಕಿನಂತೆ ಒಣಗುತ್ತವೆ. ಇದಕ್ಕೆ ಮೆಡಿಟರೇನಿಯನ್ ಹವೆ ಎಂದು ಹೆಸರು. ಪ್ರಪಂಚದಲ್ಲಿ ಇಂತಹ ನೆಲ ಐದೇ ಕಡೆ: ಮೆಡಿಟರೇನಿಯನ್ ಸಮುದ್ರದ ಸುತ್ತಿನ ದೇಶಗಳು, ಕ್ಯಾಲಿಫೋರ್ನಿಯಾ, ಚಿಲಿ ದೇಶದ ಮಧ್ಯಭಾಗ, ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ, ಆಸ್ಟ್ರೇಲಿಯಾದ ನೈಋತ್ಯ ಮತ್ತು ದಕ್ಷಿಣದ ಅಂಚು. ಐದೂ ಕಡೆ ಬೆಂಕಿಯ ಕಥೆ ಒಂದೇ.

ಸಂಜೆ ಬೀದಿಯಲ್ಲಿ ತಿರುಗಾಡಲು ಹೋದೆವು. ಬೂದಿ, ಅವಶೇಷ ಎಲ್ಲ ಸಾಗಿಸಿ ಆಗಿತ್ತು. ಸಾಲುಸಾಲು ಖಾಲಿ ಸೈಟುಗಳು. ಒಂದರಲ್ಲಿ ಮಕ್ಕಳ ಜಾರುಬಂಡೆಯ ಕಬ್ಬಿಣ ಮಾತ್ರ ಉಳಿದಿತ್ತು. ಆದರೆ ನಮ್ಮನ್ನು ನಿಲ್ಲಿಸಿದ್ದು ಬೇರೆ ವಿಷಯ. ಮನೆ ನೆಲಸಮವಾದ ಜಾಗದ ಪಕ್ಕದಲ್ಲೇ ದೊಡ್ಡ ಮರ ಹಸಿರಾಗಿ ನಿಂತಿದೆ. ಕಾಡಿನ ಬೆಂಕಿ ಬಂದು ಮನೆಯನ್ನು ಸುಟ್ಟಿತು ಎಂದರೆ ಮರ ಮೊದಲು ಸುಡಬೇಕಲ್ಲ? ಅಳಿಯಂದಿರು, "ನಿಮಗೆ ಇದನ್ನೆಲ್ಲ ಸರಿಯಾಗಿ ಹೇಳಬಲ್ಲವರಿದ್ದಾರೆ, ಕರೆದೊಯ್ಯುತ್ತೇನೆ" ಎಂದರು.

ಮುಂದಿನ ಭಾನುವಾರ ಕ್ಲೇರ್‌ಮಾಂಟ್ ಎಂಬ ಊರಿಗೆ ಹೋದೆವು. ಅಲ್ಲಿ ಕ್ಯಾಲಿಫೋರ್ನಿಯಾ ಬಟಾನಿಕ್ ಗಾರ್ಡನ್ ಎಂಬ ತೋಟವಿದೆ. ಆ ನೆಲದಲ್ಲೇ ಹುಟ್ಟಿದ ಗಿಡಮರಗಳನ್ನು ಮಾತ್ರ ಬೆಳೆಸಿರುವ ತೋಟ. ನಮ್ಮದೇ ವಯಸ್ಸಿನ ಒಬ್ಬ ಸ್ವಯಂಸೇವಕಿ ಸಂಬಳವಿಲ್ಲದೆ ಬಂದವರಿಗೆ ತೋರಿಸುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಳಿಯಂದಿರು ಬಿಡಿಸಿ ಹೇಳುತ್ತಿದ್ದರು.

ಬೆಟ್ಟದ ಮೇಲಿನ ಆ ಕುರುಚಲು ಕಾಡಿಗೆ ಚಾಪರಾಲ್ ಎನ್ನುತ್ತಾರೆ. ಆಳೆತ್ತರದ ಪೊದೆಗಳು, ಒಂದಕ್ಕೊಂದು ಹೆಣೆದುಕೊಂಡು ನಡೆಯಲು ದಾರಿಯಿಲ್ಲ. ಅದರಲ್ಲಿ ಹೆಚ್ಚಾಗಿರುವುದು ಚಮೀಸ್ ಎಂಬ ಪೊದೆ. ಅದರ ಎಲೆ ಸೂಜಿಯಷ್ಟು ಸಣ್ಣ. ಬೇಸಗೆಯಲ್ಲಿ ನೀರು ಖರ್ಚಾಗದಿರಲೆಂದು ಇಲ್ಲಿನ ಗಿಡಗಳು ಎಲೆಯನ್ನು ಸಣ್ಣದು, ಗಟ್ಟಿಯಾದದ್ದು ಮಾಡಿಕೊಂಡಿವೆ, ಮೇಲೆ ಮೇಣ ಬಳಿದುಕೊಂಡಿವೆ, ಒಳಗೆ ಎಣ್ಣೆ ತುಂಬಿಕೊಂಡಿವೆ. ಎಲೆಯನ್ನು ಉಜ್ಜಿ ಮೂಸಿದರೆ ಔಷಧದಂಗಡಿಯ ವಾಸನೆ. ನೀರು ಉಳಿಸುವ ಈ ಜಾಣತನವೇ ಬೆಂಕಿಗೆ ಅನುಕೂಲ. ಗಟ್ಟಿ ಎಲೆ ಬಿದ್ದರೆ ಬೇಗ ಕೊಳೆಯುವುದಿಲ್ಲ. ಕೊಳೆಯಲು ಬೇಕಾದ ತೇವ ಬೇಸಗೆಯಲ್ಲಿಲ್ಲ, ಚಳಿಗಾಲದಲ್ಲಿ ಬಿಸುಪು ಇಲ್ಲ. ಸತ್ತ ಕಡ್ಡಿಗಳು ಗಿಡದಲ್ಲೇ ಉಳಿದುಬಿಡುತ್ತವೆ. ವರ್ಷ ವರ್ಷ ದಾಸ್ತಾನು ಬೆಳೆಯುತ್ತದೆ.

ಆಮೇಲೆ ಅವರು ಹೇಳಿದ ಒಂದು ವಿಷಯ ನಮ್ಮ ವ್ಯಾಪಾರಕ್ಕೇ ಹತ್ತಿರವಾದದ್ದು. ಅಗ್ನಿಶಾಮಕ ದಳದವರು ಕೆಲವು ಗೊತ್ತಾದ ಜಾಗಗಳಿಂದ ಚಮೀಸ್ ಕಡ್ಡಿಗಳನ್ನು ಕತ್ತರಿಸಿ ತಂದು ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ ತೇವ ನೋಡುತ್ತಾರಂತೆ. ವಸಂತದಲ್ಲಿ ತೇವ ನೂರು ದಾಟುತ್ತದೆ, 60ಕ್ಕೆ ಇಳಿದರೆ ಅಪಾಯ ಎಂದರು. ನಾವು ಅಲ್ಲೇ ತಡೆದೆವು. ನೂರಕ್ಕೆ ನೂರು ದಾಟಿದ ತೇವ ಯಾವ ಸರಕಿನಲ್ಲಿರುತ್ತದೆ? ಅಷ್ಟಿದ್ದರೆ ಅದು ಬರೀ ನೀರೇ ಆಯಿತಲ್ಲ! ಅವರು ನಕ್ಕು ಬಿಡಿಸಿದರು. ನಾವು ಮೆಣಸಿಗೆ ಒಟ್ಟು ತೂಕದ ಮೇಲೆ ತೇವ ಕಟ್ಟುತ್ತೇವೆ, ಅವರು ಕಟ್ಟುವುದು ಒಣಗಿದ ತೂಕದ ಮೇಲೆ. ನೂರು ಗ್ರಾಂ ಒಣಕಡ್ಡಿಗೆ 120 ಗ್ರಾಂ ನೀರಿದ್ದರೆ ತೇವ 120. ಲೆಕ್ಕ ತಿಳಿದಾಗ ನಮಗೂ ನಗು ಬಂತು.

ಈ 60 ಎಂಬುದು ಹಸಿರು ಕಡ್ಡಿಯ ಮಾತು. ಹಸಿಯಾಗಿ ಕಾಣುವ ಗಿಡವೂ ಆ ಹಂತಕ್ಕೆ ಬಂದರೆ ಉರುವಲಿನಂತೆ ಉರಿಯುತ್ತದೆ. ಸತ್ತ ಕಡ್ಡಿಯದು ಇನ್ನೂ ಕಡೆ. ನಾವು ಮೆಣಸನ್ನು ಹನ್ನೊಂದು ಹನ್ನೆರಡಕ್ಕೆ ಒಣಗಿಸಿ ಚೀಲಕ್ಕೆ ತುಂಬುತ್ತೇವೆ, ಚೆರ್ರಿ ಕಾಫಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಗಲಗಲ ಎಂದರೆ ಒಣಗಿತು ಎನ್ನುತ್ತೇವೆ. ಅಲ್ಲಿ ಒಣಗಾಳಿ ಬೀಸುವ ದಿನ ಸತ್ತ ಕಡ್ಡಿಯ ತೇವ ಐದರ ಆಸುಪಾಸಿಗೆ ಬರುತ್ತದಂತೆ. ಅಷ್ಟು ಒಣಗಿದ ಸರಕನ್ನು ನಾವು ನಲವತ್ತು ವರ್ಷದಲ್ಲಿ ಕೈಯಲ್ಲಿ ಹಿಡಿದಿಲ್ಲ.

ಆ ಗಾಳಿಗೆ ಸಾಂಟಾ ಆನಾ ಎಂದು ಹೆಸರು. ಸಮುದ್ರದ ಗಾಳಿಯಲ್ಲ, ಒಳನಾಡಿನ ಎತ್ತರದ ಮರುಭೂಮಿಯಿಂದ ಬೆಟ್ಟದ ಸಂದುಗಳಲ್ಲಿ ಕೆಳಕ್ಕೆ ಧುಮುಕುವ ಗಾಳಿ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲೆವು. ಹಾಗೆಯೇ ಕೆಳಗಿಳಿಯುವ ಗಾಳಿ ಒತ್ತಡದಿಂದ ಬಿಸಿಯಾಗುತ್ತದೆ, ಸಾವಿರ ಮೀಟರ್ ಇಳಿದರೆ ಸುಮಾರು 10 ಡಿಗ್ರಿ. ಬಿಸಿಯಾದಷ್ಟೂ ಅದರ ಬಾಯಾರಿಕೆ ಹೆಚ್ಚು. ಸಿಕ್ಕಿದ ಕಡೆಯಲ್ಲೆಲ್ಲ ತೇವ ಹೀರುತ್ತ ಬರುತ್ತದೆ. ಅದು ಬೀಸುವುದು ಅಕ್ಟೋಬರಿನಿಂದ ಚಳಿಗಾಲದವರೆಗೆ. ಅಷ್ಟರಲ್ಲಿ ಮೊದಲ ಮಳೆ ಬಿದ್ದಿದ್ದರೆ ಚಿಂತೆಯಿಲ್ಲ. ಬೀಳದಿದ್ದರೆ ಒಂದು ಕಿಡಿ ಸಾಕು.

2025ರ ಜನವರಿಯಲ್ಲಿ ಆದದ್ದು ಅದೇ. ಹಿಂದಿನ ಎರಡು ಚಳಿಗಾಲ ವಾಡಿಕೆಗಿಂತ ಬಹಳ ಹೆಚ್ಚು ಮಳೆ ಬಂದು ಹುಲ್ಲು ಪೊದೆ ಸೊಂಪಾಗಿ ಬೆಳೆದವು. ಜನ ಸಂತೋಷಪಟ್ಟರು. ಬಳಿಕ 2024ರ ಮೇ ತಿಂಗಳ ಮೊದಲ ವಾರದಿಂದ ಮುಂದಿನ ಎಂಟು ತಿಂಗಳು ಲಾಸ್ ಏಂಜಲೀಸ್ ನಗರದಲ್ಲಿ ಕಾಲು ಅಂಗುಲ ಮಳೆಯೂ ಬರಲಿಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಜನವರಿ 7ರಂದು ಬಿರುಗಾಳಿ ಬಂತು. ಗುಡ್ಡಗಳ ಮೇಲೆ ಗಂಟೆಗೆ 80 ಮೈಲಿಗೂ ಮೀರಿದ ವೇಗ. ಒಳ್ಳೆಯ ಮಳೆ ಬಂದ ವರ್ಷವೇ ಮುಂದಿನ ಬೆಂಕಿಗೆ ಸರಕು ತುಂಬಿಸುತ್ತದೆ ಎಂಬುದು ನಮಗೆ ಹೊಸ ಪಾಠ.

ನಾವು ಸುಮ್ಮನಿರದೆ, "ಹಾಗಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ನೀವೇ ಸುಟ್ಟುಬಿಟ್ಟರೆ ಆಗದೆ?" ಎಂದು ಕೇಳಿದೆವು. ಆಕೆ ಒಂದು ಗಿಡದ ಬುಡ ತೋರಿಸಿದರು. ಮಣ್ಣಿನ ಮಟ್ಟದಲ್ಲಿ ಕುಂಬಳಕಾಯಿಯಂಥ ಗಂಟು. ಮೇಲಿನದೆಲ್ಲ ಸುಟ್ಟರೂ ಈ ಗಂಟಿನಿಂದ ಚಿಗುರು ಬರುತ್ತದೆ. ಸೀಯಾನೋಥಸ್ ಎಂಬ ನೀಲಿ ಹೂವಿನ ಗಿಡದ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಮಲಗಿದ್ದು, ಬೆಂಕಿಯ ಕಾವಿಗೆ ಸಿಪ್ಪೆ ಬಿರಿದು ಮೊಳೆಯುತ್ತದೆ. ಇನ್ನು ಕೆಲವು ಬೀಜಗಳಿಗೆ ಹೊಗೆಯೇ ಕರೆ. ಪೋರ್ಚುಗಲ್ ದೇಶದಲ್ಲಿ ಸೀಸೆಯ ಬಿರಡೆಗೆ ತೊಗಟೆ ಕೊಡುವ ಕಾರ್ಕ್ ಮರಕ್ಕೆ ಆ ದಪ್ಪ ತೊಗಟೆಯೇ ಬೆಂಕಿಯಿಂದ ಕವಚ.

ಇವು ಬೆಂಕಿಯನ್ನು ತಡೆದುಕೊಳ್ಳುತ್ತವೆ ನಿಜ, ಆದರೆ ಪದೇ ಪದೇ ಅಲ್ಲ ಎಂದರು ಆಕೆ. ಈ ಪೊದೆಕಾಡಿಗೆ ಎರಡು ಬೆಂಕಿಗಳ ನಡುವೆ ಮೂವತ್ತು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಹತ್ತು ವರ್ಷದೊಳಗೆ ಮತ್ತೆ ಸುಟ್ಟರೆ ಎಳೆಯ ಗಿಡ ಬೀಜ ಕಟ್ಟುವ ಮೊದಲೇ ಸಾಯುತ್ತದೆ. ಆ ಜಾಗಕ್ಕೆ ಹೊರದೇಶದ ಕಳೆಹುಲ್ಲು ಬರುತ್ತದೆ. ಹುಲ್ಲು ಬೇಗ ಒಣಗಿ ಇನ್ನೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆ ರಾಜ್ಯದ ಉತ್ತರದ ಎತ್ತರದ ಪೈನ್ ಕಾಡಿನ ರೀತಿ ಬೇರೆಯಂತೆ. ಅಲ್ಲಿ ಮೂಲನಿವಾಸಿಗಳು ಹದವರಿತು ಸಣ್ಣ ಬೆಂಕಿ ಹಾಕುತ್ತಿದ್ದರು, ಸಿಡಿಲಿನ ಬೆಂಕಿಯೂ ಆಗಾಗ ಕಸ ತೆಗೆಯುತ್ತಿತ್ತು. ಆಳುವವರು ಬೆಂಕಿಯನ್ನೆಲ್ಲ ನಿಲ್ಲಿಸಿದ್ದರಿಂದ ಅಲ್ಲಿ ದಾಸ್ತಾನು ಬೆಳೆಯಿತು. ಬೆಂಕಿ ಹಾಕಬಾರದೆಂದು ಸ್ಪೇನಿನ ಗವರ್ನರ್ ಆರಿಲ್ಯಾಗ ಆಜ್ಞೆ ಹೊರಡಿಸಿದ್ದು 1793ರಷ್ಟು ಹಿಂದೆ. ಒಂದು ಕಾಡಿನ ಮದ್ದು ಇನ್ನೊಂದು ಕಾಡಿಗೆ ವಿಷ ಎಂದು ತಿಳಿದು ನಾವು ಬಾಯಿ ಮುಚ್ಚಿಕೊಂಡೆವು.

ಶ್ರಾವಕರು ಮಾಡಬಾರದ ಹದಿನೈದು ವೃತ್ತಿಗಳಲ್ಲಿ ಕಾಡಿಗೆ ಬೆಂಕಿಯಿಡುವ ದವದಾನವೂ ಒಂದು ಎಂಬುದು ಓದುಗ ಬಂಧುಗಳಿಗೆ ತಿಳಿದದ್ದೇ. ಅಲ್ಲಿ ನಿಂತಾಗ ಅದು ನೆನಪಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚುಗಳಲ್ಲಿ ಬಹುಪಾಲು ಹತ್ತುವುದು ಮನುಷ್ಯರಿಂದ. ಬೇಕೆಂದು ಹಚ್ಚುವವರು ಕಡಿಮೆ. ವಿದ್ಯುತ್ ತಂತಿ, ಹುಲ್ಲು ಕತ್ತರಿಸುವ ಯಂತ್ರದ ಕಿಡಿ, ವಾಹನದ ಬಿಸಿ ಕೊಳವೆ, ಪೂರ್ತಿ ಆರಿಸದೆ ಬಿಟ್ಟ ಒಲೆ. 2018ರ ನವೆಂಬರಿನಲ್ಲಿ 85 ಜನರನ್ನು ಬಲಿ ತೆಗೆದುಕೊಂಡು ಪ್ಯಾರಡೈಸ್ ಎಂಬ ಊರನ್ನೇ ಅಳಿಸಿದ ಬೆಂಕಿ ಹುಟ್ಟಿದ್ದು ಹಳೆಯ ವಿದ್ಯುತ್ ಮಾರ್ಗದಿಂದ. ಹಿಂಸೆಯ ಬೇರು ಪ್ರಮಾದ ಎಂದು ಹಿರಿಯರು ಹೇಳುವುದು ಸುಳ್ಳಲ್ಲ.

ಕೊನೆಗೆ ಆ ಹಸಿರು ಮರದ ಒಗಟು ಕೇಳಿದೆವು. ಉತ್ತರ ಸರಳವಾಗಿತ್ತು. ಮನೆಗಳನ್ನು ಸುಡುವುದು ಹೆಚ್ಚಾಗಿ ಜ್ವಾಲೆಯ ಗೋಡೆಯಲ್ಲ, ಗಾಳಿಯಲ್ಲಿ ತೂರಿ ಬರುವ ಕೆಂಡಗಳು. ಒಂದು ಮೈಲಿ ದೂರಕ್ಕೂ ಹಾರಿ ಬರುತ್ತವೆ. ಹಸಿ ಮರದ ಮೇಲೆ ಬಿದ್ದರೆ ಆರಿಹೋಗುತ್ತವೆ. ಛಾವಣಿಯ ನೀರಿನ ದೋಣಿಯ ತರಗೆಲೆಯಲ್ಲಿ, ಅಟ್ಟದ ಗಾಳಿಕಿಂಡಿಯಲ್ಲಿ, ಗೋಡೆಗೆ ತಾಗಿದ ಮರದ ಬೇಲಿಯಲ್ಲಿ ಬಿದ್ದರೆ ಮನೆ ಹೋಯಿತು. ಒಂದು ಮನೆ ಹತ್ತಿದರೆ ಆ ಕಾವಿಗೇ ಪಕ್ಕದ ಮನೆ ಹತ್ತುತ್ತದೆ. ಮನೆಗಳೇ ಉರುವಲು. ಬೆಟ್ಟದ ಗಿಡವನ್ನು ದೂರುತ್ತಾ ಹೋದ ನಾವು ಅಂದು ನಮ್ಮ ಮಗಳ ಮನೆಯ ಬೇಲಿಯನ್ನು ನೆನೆಯುತ್ತಾ ಮರಳಿದೆವು.

ಅಂದು ರಾತ್ರಿ ಊಟವಾದ ಮೇಲೆ ಮನಸ್ಸಿನಲ್ಲಿದ್ದ ಮಾತನ್ನು ತೆಗೆದೆವು. ಮನೆ ಮಾರಿ ಬಯಲಿನ ಕಡೆ ಹೋಗಿ, ಕಡಿಮೆ ಬೀಳುವ ಹಣ ನಾವು ಹಾಕುತ್ತೇವೆ ಎಂದೆವು. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪಾ, ಹೋದ ವರ್ಷ ಗುಡ್ಡ ಜರಿದಾಗ ನೀವು ವಯನಾಡು ಬಿಟ್ಟಿರಾ? ನಾನು ಇಲ್ಲಿಗೆ ಬನ್ನಿ ಎಂದಾಗ ಏನು ಹೇಳಿದಿರಿ?" ಎಂದು ಕೇಳಿದಳು.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ನಮ್ಮ ಗಿರಾಕಿಗಳೂ ಇದ್ದರು. ಮಗಳು ಫೋನಿನಲ್ಲಿ ಅತ್ತಾಗ ನಾವು ಹೇಳಿದ ಮಾತು ನಮಗೆ ನೆನಪಿತ್ತು: "ತಲೆಮಾರುಗಳಿಂದ ಇದ್ದ ನೆಲ, ಎಲ್ಲಿಗೆ ಹೋಗುವುದು? ಮಳೆಯ ಹೊತ್ತಿಗೆ ಎಚ್ಚರವಾಗಿರುತ್ತೇವೆ." ಅವಳ ಮಕ್ಕಳು ಹುಟ್ಟಿದ್ದು ಆ ಊರಿನಲ್ಲಿ. ಜನವರಿಯಲ್ಲಿ ಅವರನ್ನು ಕಾರಿನಲ್ಲಿ ಕೂರಿಸಿ ಪಕ್ಕದ ಬೀದಿಯ ಮುದುಕಿಯನ್ನೂ ಕರೆದುಕೊಂಡು ಹೊರಟವಳು ಅವಳು. ಆ ಮುದುಕಿಯ ಮನೆ ಸುಟ್ಟಿದೆ, ಮತ್ತೆ ಅಲ್ಲೇ ಕಟ್ಟಿಸುತ್ತಿದ್ದಾರೆ. ನಮ್ಮ ಬಳಿ ಉತ್ತರವಿರಲಿಲ್ಲ. ಹಾಗಾದರೆ ಎಚ್ಚರದ ಕೆಲಸವನ್ನಾದರೂ ನಾವಿರುವಾಗಲೇ ಮಾಡೋಣ ಎಂದೆವು.

ಆ ಕೆಲಸದ ಪಟ್ಟಿ ಅಳಿಯಂದಿರ ಬಳಿ ಸಿದ್ಧವಿತ್ತು. ಬೆಂಕಿಯ ಸೀಮೆಯಲ್ಲಿ ಮನೆಯ ಸುತ್ತ 100 ಅಡಿಯವರೆಗೆ ಒಣಕಸ ತೆಗೆದು ಪೊದೆಗಳನ್ನು ಬಿಡಿಬಿಡಿಯಾಗಿ ಇಡಬೇಕೆಂದು ಕಾನೂನಿದೆ. ಗೋಡೆಯಿಂದ ಮೊದಲ 5 ಅಡಿಯಲ್ಲಿ ಸುಡುವ ವಸ್ತು ಇರಬಾರದೆಂಬ ನಿಯಮಕ್ಕೆ 2020ರಲ್ಲಿ ಶಾಸನವಾಗಿದೆ. ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ, ಗೋಡೆಗೆ ತಾಗುವಲ್ಲಿ ಮರದ ಬೇಲಿಗೆ ಬದಲು ಕಬ್ಬಿಣ. ಇವೆಲ್ಲಕ್ಕೂ ಒಪ್ಪಿಗೆ. ತೊಡಕಾದದ್ದು ಕಿಟಕಿಯ ಕೆಳಗಿನ ಜೂನಿಪರ್ ಪೊದೆ ಮತ್ತು ಮಲ್ಲಿಗೆ ಬಳ್ಳಿ. ಮಲ್ಲಿಗೆಯನ್ನು 2019ರಲ್ಲಿ ನಮ್ಮ ಮನೆಯವರು ತಮ್ಮ ಕೈಯಾರೆ ನೆಟ್ಟದ್ದು. ಅಷ್ಟು ಬೆಂಕಿಯಲ್ಲೂ ಉಳಿದಿತ್ತು. ಸಾಲದ್ದಕ್ಕೆ ದಶಲಕ್ಷಣ ಪರ್ವ ನಡೆಯುತ್ತಿತ್ತು. ಬ್ಯೂನಾ ಪಾರ್ಕಿನ ಜೈನ ಕೇಂದ್ರಕ್ಕೆ ಹೋಗಿ ಬರುತ್ತಿದ್ದೆವು. "ಹಸಿರು ತರಕಾರಿಯನ್ನೇ ಮುಟ್ಟದ ಈ ದಿನಗಳಲ್ಲಿ ಹಸಿ ಗಿಡ ಕಡಿಯುವುದೆ?" ಎಂದು ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಗಾಳಿಯ ಕಾಲಕ್ಕೆ ಇನ್ನೂ ಒಂದು ತಿಂಗಳಿತ್ತು. ಕಾದೆವು.

ಕ್ಷಮಾವಣಿ ಮುಗಿದ ಮರುದಿನ ಅವರೇ ಮೊದಲು ಎದ್ದು ಗುದ್ದಲಿ ಕೇಳಿದರು. ಜೂನಿಪರ್ ಹೋಯಿತು. ಒಣ ಎಣ್ಣೆಯ ಆ ಪೊದೆಯನ್ನು ಉಳಿಸಲು ಯಾರಿಗೂ ಮನಸ್ಸಿರಲಿಲ್ಲ. ಮಲ್ಲಿಗೆಯನ್ನು ಮಾತ್ರ ಬೇರಿನ ಮಣ್ಣು ಉದುರದಂತೆ ಅಗೆದು, ಮನೆಯಿಂದ ಮೂವತ್ತು ಅಡಿ ಆಚೆ ನೆಟ್ಟೆವು. ಮೊಮ್ಮಗ ನೀರು ಹಾಕಿದ. ಮನೆಯ ಬುಡದಲ್ಲಿ ಜಲ್ಲಿ ಹರಡಿದಾಗ ಕಿಟಕಿ ಬೋಳಾಗಿ ಕಂಡಿತು. "ಕಣ್ಣಿಗೆ ಒಗ್ಗುತ್ತದೆ" ಎಂದರು ನಮ್ಮ ಮನೆಯವರು, ಯಾರ ಮುಖವನ್ನೂ ನೋಡದೆ.

ಬೆಟ್ಟವನ್ನು ಪೂರ್ತಿ ಬೋಳಿಸಬೇಕೆನ್ನುವವರೂ ಅಲ್ಲಿದ್ದಾರೆ. ಅದು ತಪ್ಪು. ಮಣ್ಣು ಹಿಡಿದಿರುವುದು ಆ ಪೊದೆಗಳ ಬೇರು. 1933ರ ನವೆಂಬರಿನಲ್ಲಿ ಇದೇ ಬೆಟ್ಟಸಾಲು ಸುಟ್ಟು, 1934ರ ಹೊಸ ವರ್ಷದ ರಾತ್ರಿಯ ಮಳೆಗೆ ನೆರೆಯ ಲಾ ಕ್ರೆಸೆಂಟಾ ಕಣಿವೆಗೆ ಕೆಸರು, ಬಂಡೆ ನುಗ್ಗಿ ಜನ ಸತ್ತರು. ಗುಡ್ಡದ ಕೆಸರು ಏನು ಮಾಡುತ್ತದೆಂದು ವಯನಾಡಿನವರಿಗೆ ಯಾರೂ ಹೇಳಬೇಕಾಗಿಲ್ಲ.

ಹೊರಡುವ ಮುಂಚಿನ ಬೆಳಗ್ಗೆ ಬೀದಿಯ ಕೊನೆಯವರೆಗೆ ಒಬ್ಬರೇ ನಡೆದೆವು. ಮುಂದಿನ ದಾರಿ ಮುಚ್ಚಿತ್ತು. ಬೇಲಿಯಾಚೆ ಸುಟ್ಟ ಚಮೀಸ್ ಕಡ್ಡಿಗಳು ಕಪ್ಪಗೆ ನಿಂತಿದ್ದವು. ಪ್ರತಿಯೊಂದರ ಬುಡದಲ್ಲೂ ಗೇಣುದ್ದದ ಹಸಿರು ಚಿಗುರು. ಎಂಟು ತಿಂಗಳಲ್ಲಿ ಅದು ತನ್ನ ಲೆಕ್ಕ ಸರಿಮಾಡಿಕೊಳ್ಳಲು ಆರಂಭಿಸಿತ್ತು. ಅದು ಅದರ ನೆಲ, ಅದರ ರೀತಿ.

ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಕ್ಯಾಲಿಫೋರ್ನಿಯಾದಲ್ಲಿ, ಆಸ್ಟ್ರೇಲಿಯಾದ ಪರ್ತ್, ಅಡಿಲೇಡ್ ಊರುಗಳಲ್ಲಿ ಇದ್ದಾರೆ. ಮನೆ ಕೊಳ್ಳುವಾಗ ಕೋಣೆ ಎಷ್ಟು, ಶಾಲೆ ಎಲ್ಲಿ ಎಂದು ಕೇಳುತ್ತೇವೆ. ಬೆಂಕಿಯ ನಕ್ಷೆಯಲ್ಲಿ ಆ ಬೀದಿ ಎಲ್ಲಿದೆ, ಓಡಲು ಎರಡು ದಾರಿ ಇದೆಯೆ, ವಿಮೆ ಸಿಗುತ್ತದೆಯೆ ಎಂಬುದನ್ನೂ ಕೇಳಿ. ಅಲ್ಲಿಗೆ ಹೋದಾಗ ಹಪ್ಪಳ ಉಪ್ಪಿನಕಾಯಿ ಕೊಟ್ಟು ಬರುವ ಜೊತೆಗೆ ಒಂದು ದಿನ ಗೋಡೆಯ ಸುತ್ತ 5 ಅಡಿ ಗುಡಿಸಿ ಬನ್ನಿ.

ಮಲ್ಲಿಗೆ ಹಿಡಿದಿದೆ, ಎರಡು ಎಲೆ ಬಿಟ್ಟಿದೆ ಎಂದು ಮಗಳು ಮೊನ್ನೆ ಫೋನು ಮಾಡಿ ಅಮ್ಮನಿಗೆ ಹೇಳಿದಳು.